ಮೊದಲು ಆ ಆರ್ಮ್ ಬೋಲ್ಟ್ ಸಡಿಲ ಮಾಡಿ, ಸ್ಪ್ರಿಂಗ್ ಕತೆ ಆಮೇಲೆ

ನೀವು ಹಾಕಿರೋ ಮೂರನೇ ಫೋಟೊ ನೋಡಿ ಸುಮ್ಮನಿರೋಕಾಗದೆ ಬರೀತಿದ್ದೀನಿ. ಕಾರು ಜಾಕ್ ಸ್ಟ್ಯಾಂಡ್ ಮೇಲಿದೆ, ಚಕ್ರ ಇಲ್ಲ, ಲೋವರ್ ಆರ್ಮ್ (ಚಕ್ರವನ್ನ ಗಾಡಿಯ ಅಡಿಗೆ ಜೋಡಿಸೋ ಕಬ್ಬಿಣದ ತೋಳು) ಕೆಳಗೆ ಜೋತುಬಿದ್ದಿದೆ, ಆ ಸ್ಥಿತಿಯಲ್ಲೇ ಟಾರ್ಕ್ ವ್ರೆಂಚ್ ಹಾಕಿ ಬಿಗಿ ಮಾಡ್ತಿದ್ದೀರಿ. ಕೆಳಗೆ ಪ್ರಶ್ನೆ: ಎಲ್ಲಾ ಬೋಲ್ಟ್ ಟೈಟ್ ಇದೆ, ಆದ್ರೂ ಬಲಗಡೆ ಒಂದು ಬೆರಳು ಎತ್ತರ ಕೂತಿದೆ, ಗುಜರಿಯಿಂದ ತಂದ ಸ್ಪ್ರಿಂಗ್ ಅರ್ಧ ಸುತ್ತು ಕತ್ತರಿಸ್ಲಾ? ಬೇಡ. ಗ್ರೈಂಡರ್ ಪಕ್ಕಕ್ಕಿಡಿ. ನನಗೆ ಸ್ಪ್ರಿಂಗ್‌ಗಿಂತ ಆ ಆರ್ಮ್ ಬುಷ್ ಮೇಲೆ ಅನುಮಾನ ಜಾಸ್ತಿ.

ಬುಷ್ ಏನು ಬೇರಿಂಗ್ ಥರ ಸುತ್ತೋ ವಸ್ತು ಅಲ್ಲ. ಒಳಗೊಂದು ಕಬ್ಬಿಣದ ಕೊಳವೆ, ಹೊರಗೊಂದು, ಮಧ್ಯೆ ಎರಡಕ್ಕೂ ಅಂಟಿಕೊಂಡ ರಬ್ಬರ್. ಬೋಲ್ಟ್ ಬಿಗಿಯಾದ ತಕ್ಷಣ ಒಳಗಿನ ಕೊಳವೆ ಸಬ್‌ಫ್ರೇಮ್‌ಗೆ, ಅಂದ್ರೆ ಆರ್ಮ್ ಕೂರೋ ಕೆಳಗಿನ ಚೌಕಟ್ಟಿಗೆ, ಕಚ್ಚಿಕೊಳ್ಳುತ್ತೆ. ಅಲ್ಲಿಂದ ಮುಂದೆ ಆರ್ಮ್ ಮೇಲೆ ಕೆಳಗೆ ಆಡೋದೆಲ್ಲ ರಬ್ಬರ್ ತಿರುಚಿಕೊಳ್ಳೋದರಿಂದಲೇ. ಜೋತುಬಿದ್ದಾಗ ಬಿಗಿ ಮಾಡಿದ್ರೆ ರಬ್ಬರ್‌ಗೆ ಅದೇ ವಿಶ್ರಾಂತಿ ಸ್ಥಾನ. ಗಾಡಿ ನೆಲಕ್ಕಿಳಿಸಿದ ಕ್ಷಣದಿಂದ, ಸುಮ್ಮನೆ ನಿಂತಿದ್ರೂ, ಹಿಂಡಿದ ಒದ್ದೆ ಬಟ್ಟೆ ಥರ ತಿರುಚಿಕೊಂಡೇ ಇರುತ್ತೆ. ಆ ತಿರುಚು ತಾನೇ ಒಂದು ಸ್ಪ್ರಿಂಗ್ ಆಗಿ ಗಾಡಿಯನ್ನ ಮೇಲಕ್ಕೆ ತಳ್ಳುತ್ತೆ. ನೀವೇ ಬರೆದಿರೋ ಪ್ರಕಾರ ಆರ್ಮ್ ಬದಲಾಯಿಸಿದ್ದು ಬಲಗಡೆ ಮಾತ್ರ, ಎಡಗಡೆ ಬಿಚ್ಚೇ ಇಲ್ಲ. ಎತ್ತರವಾಗಿರೋದೂ ಬಲಗಡೆನೇ. ಇನ್ನೇನು ಸಾಕ್ಷಿ ಬೇಕು?

ಹೀಗೆ ಬಿಗಿ ಮಾಡಿದ ಬುಷ್ ಹೊಸದಾದ್ರೂ ಬಾಳಲ್ಲ. ದೊಡ್ಡ ಗುಂಡಿಗೆ ಇಳಿದಾಗ ರಬ್ಬರ್ ತನ್ನ ಮಿತಿ ದಾಟಿ ತಿರುಚುತ್ತೆ, ಅಂಚಿನಲ್ಲಿ ಸೀಳು ಬಿಡುತ್ತೆ. ನನ್ನ ಗಾಡಿದು ಹರಿದಾಗ ಬ್ರೇಕ್ ಒತ್ತಿದಾಗೆಲ್ಲ ಸ್ಟೀರಿಂಗ್ ಒಂದು ಕಡೆ ಎಳೀತಿತ್ತು. ಮೆಕ್ಯಾನಿಕ್ ಪ್ಯಾಡ್ ಬದಲಾಯಿಸಿದ, ಡಿಸ್ಕ್ ಬದಲಾಯಿಸಿದ, ಬುಷ್ ಕಡೆ ಮಾತ್ರ ತಿರುಗಿ ನೋಡ್ಲಿಲ್ಲ.

ನಾನೀಗ ಮಾಡೋದು ಹೀಗೆ. ಬಿಚ್ಚೋಕೆ ಮುಂಚೆ, ಗಾಡಿ ಸಮ ನೆಲದಲ್ಲಿ ನಿಂತಿರುವಾಗ, ನಾಲ್ಕೂ ಕಡೆ ಹಬ್ (ಚಕ್ರದ ನಡುಭಾಗ) ಮಧ್ಯದಿಂದ ಫೆಂಡರ್ (ಚಕ್ರದ ಮೇಲಿನ ತಗಡು) ಅಂಚಿನವರೆಗೆ ಅಳತೆ ಬರೆದಿಟ್ಟುಕೊಳ್ತೀನಿ. ನೆಲದಿಂದ ಅಳೆಯೋದು ಬೇಡ, ಟೈರ್ ಗಾಳಿ ಹೆಚ್ಚುಕಮ್ಮಿ ಆದ್ರೆ ಲೆಕ್ಕ ಕೆಡುತ್ತೆ. ಜೋಡಿಸುವಾಗ ರಬ್ಬರ್ ಬುಷ್ ಮೂಲಕ ಹಾಯೋ ಬೋಲ್ಟ್‌ಗಳೆಲ್ಲ ಕೈಬಿಗಿ ಮಾತ್ರ. ಸ್ಟ್ರಟ್‌ನಿಂದ (ಸ್ಪ್ರಿಂಗ್, ಶಾಕ್ ಸೇರಿದ ಕಂಬ) ನಕಲ್‌ಗೆ (ಹಬ್ ಹಿಡಿಯೋ ಕಬ್ಬಿಣದ ತುಂಡು) ಹೋಗೋ ಬೋಲ್ಟ್, ಬಾಲ್ ಜಾಯಿಂಟ್ (ಆರ್ಮ್ ತುದಿಯ ಗುಂಡು ಕೀಲು), ಲಿಂಕ್ ರಾಡ್ (ವಾಲೋದು ತಡೆಯೋ ಬಾರ್‌ನ ಕೊಂಡಿ) ಇವಕ್ಕೆ ಈ ನಿಯಮ ಇಲ್ಲ, ಪೂರ್ತಿ ಬಿಗಿ ಮಾಡಿ. ಆಮೇಲೆ ಚಕ್ರ ಹಾಕಿ, ಗಟ್ಟಿ ಮರದ ದಿಮ್ಮಿ ಇಲ್ಲಾ ರ‍್ಯಾಂಪ್ ಮೇಲೆ ಗಾಡಿಯನ್ನ ಅದರ ಚಕ್ರದ ಮೇಲೇ ನಿಲ್ಲಿಸಿ. ನಾಲ್ಕೂ ಚಕ್ರ ಒಂದೇ ಮಟ್ಟದಲ್ಲಿರಲಿ. ಮೂಲೆ ಮೂಲೆ ಒತ್ತಿ ಕುಣಿಸಿ, ಆಗ ಬಿಗಿ ಮಾಡಿ. ಸ್ಟ್ಯಾಂಡ್‌ನಿಂದ ಇಳಿಸಿದ ತಕ್ಷಣ ಎತ್ತರ ಅಳೆದು ಗಾಬರಿ ಆಗಬೇಡಿ. ಟೈರ್ ನೆಲ ಕಚ್ಚಿ ಒಳಗೆಳೆದುಕೊಂಡಿರುತ್ತೆ, ಹಿಂದೆ ಮುಂದೆ ಸ್ವಲ್ಪ ಉರುಳಿಸಿದ ಮೇಲೇ ಅದು ನಿಜವಾದ ಎತ್ತರಕ್ಕೆ ಕೂರೋದು. ಸ್ಪ್ರಿಂಗ್ ಬದಲಾಗಿದ್ರೆ ಹಳೇ ಅಳತೆ ಎಡಬಲ ಹೋಲಿಸೋಕೆ ಮಾತ್ರ. ಹೊಸ ಎತ್ತರಕ್ಕೇ ಬಿಗಿ ಮಾಡಬೇಕು.

ಆರ್ಮ್ ಕೆಳಗೆ ಜಾಕ್ ಕೊಟ್ಟು ಎತ್ತರಕ್ಕೆ ತರಬಹುದಲ್ಲ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ತರಬಹುದು. ಆದ್ರೆ ಚಿಕ್ಕ ಗಾಡಿ ಹಗುರ, ಆರ್ಮ್ ಸರಿಯಾದ ಎತ್ತರ ಮುಟ್ಟೋ ಮುಂಚೆನೇ ಬಾಡಿ ಸ್ಟ್ಯಾಂಡ್ ಬಿಟ್ಟು ಏಳೋಕೆ ಶುರು ಮಾಡುತ್ತೆ. ಆಗ ಕೆಳಗೆ ನಿಮ್ಮ ತಲೆ ಇರಬಾರದು. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗಂತೂ ಯಾವತ್ತೂ ಬೇಡ.

ಪಾಲಿಯುರೆಥೇನ್ ಬುಷ್‌ಗೆ ಈ ತೊಂದರೆ ಇಲ್ಲ, ಅದು ಕೊಳವೆ ಮೇಲೆ ಜಾರುತ್ತೆ. ಆದ್ರೆ ಗ್ರೀಸ್ ಒಣಗಿದ ದಿನದಿಂದ ಕಿರುಗುಟ್ಟುತ್ತೆ. ಹಿಂದಿನ ಟ್ರೇಲಿಂಗ್ ಆರ್ಮ್ (ಹಿಂದಿನ ಚಕ್ರವನ್ನ ಮುಂದಿನಿಂದ ಹಿಡಿಯೋ ತೋಳು) ಥರ ಎರಡು ಮೂರು ದಿಕ್ಕಿಗೆ ಆಡಬೇಕಾದ ಜಾಗದಲ್ಲಿ ಹಾಕಿದ್ರೆ ಸಸ್ಪೆನ್ಷನ್‌ ಅನ್ನೇ ಬಿಗಿ ಹಿಡಿದುಬಿಡುತ್ತೆ. ದಿನಾ ಓಡಿಸೋ ಗಾಡಿಗೆ ನನ್ನ ಓಟು ರಬ್ಬರ್‌ಗೇ, ಲೆಮ್ಫೋರ್ಡರ್ ಕಂಪನಿದು ಸಿಕ್ಕಿದ್ರೆ ಇನ್ನೊಂದು ಹುಡುಕಲ್ಲ. ಹೊಸ ಬುಷ್ ಪ್ರೆಸ್ ಮಾಡುವಾಗ ರಬ್ಬರ್ ಒಳಗೆ ಬಿಟ್ಟಿರೋ ಖಾಲಿ ಜಾಗ ಯಾವ ದಿಕ್ಕಿಗಿದೆ ಅಂತ ಹಳೇದನ್ನ ನೋಡಿ ಗುರುತು ಹಾಕಿಕೊಳ್ಳಿ. ಅಡ್ಡ ತಿರುಗಿಸಿ ಕೂರಿಸಿದ್ರೆ ಮೆತ್ತಗಿರಬೇಕಾದ ಕಡೆ ಗಟ್ಟಿ, ಗಟ್ಟಿ ಇರಬೇಕಾದ ಕಡೆ ಮೆತ್ತಗೆ ಆಗುತ್ತೆ.

ಇನ್ನು ಗುಜರಿ ವಿಷಯ. ಗುಜರಿಯಿಂದ ಕಬ್ಬಿಣ ತನ್ನಿ. ರಬ್ಬರ್, ಎಣ್ಣೆ ಇರೋದೇನೂ ತರಬೇಡಿ. ಸ್ಪ್ರಿಂಗ್, ಆಂಟಿ ರೋಲ್ ಬಾರ್ (ತಿರುವಲ್ಲಿ ಗಾಡಿ ವಾಲದಂತೆ ಎಡಬಲ ಚಕ್ರ ಜೋಡಿಸೋ ಸರಳು), ಸಬ್‌ಫ್ರೇಮ್, ಆರ್ಮ್, ನಕಲ್ ತರಬಹುದು. ಶಾಕ್ ಅಬ್ಸಾರ್ಬರ್, ಬುಷ್, ಟಾಪ್ ಮೌಂಟ್ (ಸ್ಟ್ರಟ್ ಮೇಲ್ತುದಿ ಕೂರೋ ರಬ್ಬರ್), ಬಾಲ್ ಜಾಯಿಂಟ್, ಬಂಪ್ ಸ್ಟಾಪ್ (ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ತಡೆಯೋ ರಬ್ಬರ್) ಹೊಸದೇ ಇರಲಿ. ಉಳಿಸಿದ ದುಡ್ಡು ಅಲ್ಲಿಗೆ ಹೋಗಬೇಕು. ಆರ್ಮ್ ತಂದ್ರೆ ಅದರಲ್ಲಿರೋ ಬುಷ್ ಸತ್ತಿದೆ ಅಂತಲೇ ಲೆಕ್ಕ ಹಾಕಿ. ನೀವು ಹಾಗೇ ಒರೆಸಿ ಹಾಕಿದ್ದೀರಿ, ಫೋಟೊದಲ್ಲೇ ಬಿರುಕು ಕಾಣ್ತಿದೆ. ಹೇಗೂ ಸಡಿಲಿಸ್ತೀರಲ್ಲ, ಬುಷ್ ಹೊಸದು ಹಾಕಿಬಿಡಿ. ಎಡಗಡೆಗೂ ಹಾಕಿ.

ಯಾವ ಗಾಡಿಯಿಂದ ಬಿಚ್ಚಿದ್ದು ಅನ್ನೋದು ಎಷ್ಟು ಓಡಿದೆ ಅನ್ನೋದಕ್ಕಿಂತ ಮುಖ್ಯ. ಹಿಂದಿನಿಂದ ಗುದ್ದಿಸಿಕೊಂಡ ಗಾಡಿಯ ಮುಂಭಾಗ, ಮುಂದೆ ಗುದ್ದಿದ ಗಾಡಿಯ ಹಿಂಭಾಗ ತನ್ನಿ. ಗುದ್ದಿದ ಮೂಲೆಯದ್ದು ಪುಕ್ಕಟೆ ಕೊಟ್ರೂ ಬೇಡ. ನಕಲ್, ಆರ್ಮ್ ಎರಡು ಮೂರು ಮಿಲಿಮೀಟರ್ ಬಾಗಿದ್ರೆ ಕಣ್ಣಿಗೆ ಕಾಣಲ್ಲ, ಟೈರ್ ತಿನ್ನೋದು ನೋಡಿನೇ ಗೊತ್ತಾಗೋದು. ಬಿಚ್ಚುವಾಗ ಬೋಲ್ಟ್ ಜೊತೆಗೇ ತನ್ನಿ, ದಪ್ಪ, ಉದ್ದ, ತಲೆ ಮೇಲಿನ 8.8 ಅಥವಾ 10.9 ಅನ್ನೋ ಗಟ್ಟಿತನದ ಗ್ರೇಡ್ ಗೊತ್ತಾಗುತ್ತೆ. ಆದ್ರೆ ಹಾಕುವಾಗ ಅದೇ ಗ್ರೇಡಿನ ಹೊಸದು, ನಟ್ ಅಂತೂ ಖಂಡಿತ ಹೊಸದು.

"ನಾಲ್ಕು ಶಾಕ್ ಸಿಕ್ಕಿವೆ, ಒತ್ತಿ ನೋಡಿದೆ, ಚೆನ್ನಾಗಿವೆ" ಅಂದಿದ್ದೀರಿ. ಕೈಯಲ್ಲಿ ಒತ್ತಿದ್ರೆ ಪೂರ್ತಿ ಸತ್ತದ್ದು ಮಾತ್ರ ಗೊತ್ತಾಗುತ್ತೆ, ಅರ್ಧ ಸತ್ತದ್ದು ಗೊತ್ತಾಗಲ್ಲ. ಬಾನೆಟ್ ಒತ್ತಿ ಬಿಡೋ ಪರೀಕ್ಷೆಯೂ ಅಷ್ಟೇ. ಗಟ್ಟಿ ಸ್ಪ್ರಿಂಗ್ ಹಾಕಿದ ಮೇಲಂತೂ ಶಾಕ್‌ಗೆ ಕೆಲಸ ಜಾಸ್ತಿ. ಮೆತ್ತಗಾದ ಶಾಕ್ ಜೊತೆ ಗಟ್ಟಿ ಸ್ಪ್ರಿಂಗ್ ಅಂದ್ರೆ ಮೊದಲಿಗಿಂತ ಕೆಟ್ಟ ಗಾಡಿ. ಕೆವೈಬಿ ಕಂಪನಿಯ ಎಕ್ಸೆಲ್-ಜಿ ಅಥವಾ ಮನ್ರೋ ಕಂಪನಿಯ ಶಾಕ್ ಸಾಕು, ಕಂಪನಿ ಶಾಕ್‌ನ ಹತ್ತಿರ ಹತ್ತಿರ ಇರುತ್ತೆ. ಬಿಲ್‌ಸ್ಟೈನ್ ಕಂಪನಿದಾದ್ರೆ ಅಂಕಿ ನೋಡಿ ತಗೊಳ್ಳಿ: ಬಿ4 ಕಂಪನಿ ಬದಲಿ, ಬಿ6 ಮಾಮೂಲಿ ಎತ್ತರಕ್ಕೆ, ಬಿ8 ತಗ್ಗಿಸಿದ ಗಾಡಿಗೆ. ಮಾಮೂಲಿ ಸ್ಪ್ರಿಂಗ್‌ಗೆ ಬಿ8 ಹಾಕಿ ಆಮೇಲೆ ಬೈಯೋರನ್ನ ಎಷ್ಟೋ ಜನ ನೋಡಿದ್ದೀನಿ. ಅವಳಿ ಕೊಳವೆಯ ಶಾಕ್ ಆದ್ರೆ ಹಾಕೋ ಮುಂಚೆ ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ, ಮಲಗಿಸಿಟ್ಟಾಗ ಒಳಗೆ ಸೇರಿದ ಗಾಳಿ ಹೋಗಲಿ. ರಾಡ್‌ ಅನ್ನ ಪ್ಲೈಯರ್‌ನಲ್ಲಿ ಹಿಡಿದ್ರೆ ಕ್ರೋಮ್ ಮೇಲೆ ಗೀರು, ಆ ಗೀರು ತಾಗಿ ಸೀಲ್ ಹರಿಯುತ್ತೆ, ಹೊಸ ಶಾಕ್ ಎಣ್ಣೆ ಕಾರುತ್ತೆ.

ಸ್ಪ್ರಿಂಗ್ ಆಯ್ಕೆಗೆ ವರ್ನಿಯರ್ ತಗೊಂಡು ಹೋಗಿ. ಬಣ್ಣ ಕೆರೆದು ತಂತಿ ದಪ್ಪ ಅಳೀರಿ, ಯಾಕಂದ್ರೆ ಗಟ್ಟಿತನ ದಪ್ಪದ ನಾಲ್ಕನೇ ಘಾತಕ್ಕೆ ಹೋಗುತ್ತೆ. ಸುತ್ತು, ಅಗಲ ಒಂದೇ ಇದ್ದು 12 ಮಿ.ಮೀ. ಬದಲು 13 ಆದ್ರೆ ಸುಮಾರು 38% ಗಟ್ಟಿ. ಅದೇ ಮಾಡೆಲ್‌ನ ಡೀಸೆಲ್ ಗಾಡಿಯ ಮುಂದಿನ ಸ್ಪ್ರಿಂಗ್ ಪೆಟ್ರೋಲ್‌ಗೆ ಸಲೀಸಾಗಿ ಕೂರುತ್ತೆ, ಆದ್ರೆ ಅದು ಭಾರದ ಇಂಜಿನ್‌ಗೆ ಮಾಡಿದ್ದು. ನಿಮ್ಮ ಗಾಡಿ ಮೂತಿ ಎತ್ತಿಕೊಂಡು ನಿಲ್ಲುತ್ತೆ. ಕೆಳಗಿನ ಕೊನೇ ಸುತ್ತನ್ನ ಬೆರಳಾಡಿಸಿ ನೋಡಿ, ಸ್ಪ್ರಿಂಗ್ ತುಕ್ಕು ಹಿಡಿದು ಮುರಿಯೋದು ಹೆಚ್ಚಾಗಿ ಅಲ್ಲೇ. ಜೋಡಿ ಒಂದೇ ಗಾಡಿದಿರಲಿ. ಕಂಪ್ರೆಸರ್ ಎದುರುಬದುರು ಹಾಕಿ ಕೈಯಲ್ಲೇ ತಿರುಗಿಸಿ, ಇಂಪ್ಯಾಕ್ಟ್ ಗನ್ ಬೇಡ.

ಕತ್ತರಿಸೋದು ಯಾಕೆ ಬೇಡ ಅಂದ್ರೆ, ಆರು ಸುತ್ತಲ್ಲಿ ಒಂದು ಹೋದ್ರೆ ಸ್ಪ್ರಿಂಗ್ 20% ಗಟ್ಟಿ ಆಗುತ್ತೆ ನಿಜ, ಆದ್ರೆ ಗಾಡಿ ಬಂಪ್ ಸ್ಟಾಪ್ ಹತ್ತಿರ ಕೂರುತ್ತೆ. ಚಕ್ರ ಜೋತುಬಿದ್ದಾಗ ಸ್ಪ್ರಿಂಗ್ ಸೀಟ್‌ನಲ್ಲಿ ಸಡಿಲ ಆಗಿ ಅಡ್ಡ ಜಾರಬಹುದು. ಗ್ಯಾಸ್ ಬೆಂಕಿ ಕೊಟ್ಟು ತಗ್ಗಿಸೋದಂತೂ ಉಕ್ಕಿನ ಹದನೇ ತೆಗೆದುಬಿಡುತ್ತೆ. ಇನ್ನೊಂದು: ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಂದೇ ಕಂಬದಲ್ಲಿರೋ ಸಸ್ಪೆನ್ಷನ್) ಇರೋ ಗಾಡಿ ತಗ್ಗಿಸಿದ್ರೆ ಗುರುತ್ವ ಕೇಂದ್ರಕ್ಕಿಂತ ರೋಲ್ ಸೆಂಟರ್ (ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತೋ ಅದು) ಜಾಸ್ತಿ ಕೆಳಗಿಳಿಯುತ್ತೆ, ಎರಡರ ನಡುವಿನ ದೂರ ಹೆಚ್ಚುತ್ತೆ. ವಾಲೋದು ಕಡಿಮೆ ಮಾಡೋಕೆ ಅಂತ ತಗ್ಗಿಸಿ, ಗಾಡಿ ವಾಲೋ ಸ್ವಭಾವವನ್ನೇ ಹೆಚ್ಚಿಸಿಕೊಳ್ತೀರಿ.

ನಿಮ್ಮ ದೂರು ತಿರುವಲ್ಲಿ ವಾಲುತ್ತೆ ಅನ್ನೋದೇ ಆದ್ರೆ ಗುಜರಿಯಲ್ಲಿ ಮೊದಲು ಹುಡುಕಬೇಕಾದ್ದು ಅದೇ ಪ್ಲಾಟ್‌ಫಾರ್ಮ್‌ನ (ಒಂದೇ ತಳಹದಿಯ ಮೇಲೆ ಮಾಡಿದ) ಮೇಲ್ದರ್ಜೆ ಗಾಡಿಯ ಹಿಂದಿನ ಆಂಟಿ ರೋಲ್ ಬಾರ್. ಸವೆಯೋದು ಅದರ ರಬ್ಬರ್ ಮಾತ್ರ, ಅದು ಹೊಸದು ಸಿಗುತ್ತೆ. ಇಲ್ಲೂ ನಾಲ್ಕನೇ ಘಾತವೇ: 20ರ ಬದಲು 22 ಮಿ.ಮೀ. ಅಂದ್ರೆ 46% ಗಟ್ಟಿ, ಬಾರ್ ಟೊಳ್ಳಲ್ಲ ಅಂತ ನೋಡಿಕೊಳ್ಳಿ. ಆದ್ರೆ ಬಾರ್ ಹಿಡಿದುಕೊಳ್ಳೋ ತಗಡಿಗೆ ತಾಕತ್ತು ಬೇಕು. ಹಳೇ ಹೊಂಡಾ ಸಿವಿಕ್‌ಗೆ ಹೊಂಡಾದ್ದೇ ಆದ ಇಂಟೆಗ್ರಾ ಟೈಪ್ ಆರ್‌ನ 22 ಮಿ.ಮೀ. ಬಾರ್ ಹಾಕೋರು ಸಬ್‌ಫ್ರೇಮ್‌ಗೆ ಬಲ ಕೊಡದೇ ಹಾಕಿದ್ರೆ ಮೌಂಟ್ ಕಿತ್ತುಕೊಂಡು ಬರುತ್ತೆ. ಹಿಂದೆ ಬಾರ್ ಗಟ್ಟಿಯಾದ ಫ್ರಂಟ್ ವೀಲ್ ಡ್ರೈವ್ ಗಾಡಿ ತಿರುವಲ್ಲಿ ಚುರುಕಾಗುತ್ತೆ, ಮೂತಿ ಹೊರಗೆ ಹೋಗೋದು ಕಡಿಮೆ ಆಗುತ್ತೆ. ಅದೇ ಕಾರಣಕ್ಕೆ ಒದ್ದೆ ರಸ್ತೆಯ ತಿರುವಲ್ಲಿ ದಿಢೀರ್ ಅಂತ ಆಕ್ಸಿಲರೇಟರ್ ಬಿಟ್ರೆ ಹಿಂಭಾಗ ಜಾರುತ್ತೆ. ಹಿಂದಿನ ಟೈರ್ ಸವೆದಿದ್ರೆ ಆ ಬಾರ್ ಹಾಕಬೇಡಿ. ನಿಜ ಹೇಳಬೇಕಂದ್ರೆ ಟೈರ್ ಸವೆದಿದ್ರೆ ಈ ಯಾವ ಕೆಲಸಕ್ಕೂ ಕೈ ಹಾಕಬೇಡಿ, ಮೊದಲು ಟೈರ್ ತಗೊಳ್ಳಿ.

ಸದ್ಯಕ್ಕೆ ನಿಮ್ಮ ಕೆಲಸ: ಆರ್ಮ್ ಬುಷ್ ಎರಡೂ ಕಡೆ ಹೊಸದು, ಗಾಡಿ ಚಕ್ರದ ಮೇಲೆ ನಿಂತ ಮೇಲೆ ಬಿಗಿ, ಒಂದೆರಡು ದಿನ ಓಡಿಸಿ ಟಾರ್ಕ್ ಮತ್ತೆ ನೋಡಿ, ಆಮೇಲೆ ಅಲೈನ್‌ಮೆಂಟ್. ಅದಕ್ಕೂ ಮುಂಚೆ ಅಲೈನ್‌ಮೆಂಟ್‌ಗೆ ದುಡ್ಡು ಹಾಕಬೇಡಿ. ಎತ್ತರ ಬದಲಾದ್ರೆ ಹೆಡ್‌ಲೈಟ್ ಕೂಡ ಸರಿ ಮಾಡಿಸಿ, ಎದುರು ಬರೋರ ಕಣ್ಣಿಗೆ ಹೊಡೆಯುತ್ತೆ. ಇಷ್ಟಾದ ಮೇಲೂ ಬಲಗಡೆ ಎತ್ತರವೇ ಇದ್ರೆ ಎರಡೂ ಸ್ಪ್ರಿಂಗ್‌ನ ತಂತಿ ದಪ್ಪ, ಸುತ್ತಿನ ಲೆಕ್ಕ, ಮೇಲೆ ಬಳಿದಿರೋ ಬಣ್ಣದ ಗುರುತು, ಜೊತೆಗೆ ಅಲೈನ್‌ಮೆಂಟ್ ಚೀಟಿಯ ಕ್ಯಾಂಬರ್ (ಚಕ್ರದ ವಾಲು), ಟೋ (ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರೋದು) ಅಂಕಿ ಇಲ್ಲೇ ಹಾಕಿ. ಅಲ್ಲಿವರೆಗೂ ಏನನ್ನೂ ಕತ್ತರಿಸಬೇಡಿ.