ಆರ್ಡರ್ ಕೊಟ್ಟು ಮಾಡಿಸುವ ಕ್ಷೌರದ ಕತ್ತಿ: ಬೆಲೆ ಕಟ್ಟುವುದು ಹೇಗೆ?

ಪ್ರಶ್ನೆ: ಚಾಕು ಮಾಡುವ ಕೆಲಸ ಕೆಲವು ವರ್ಷಗಳಿಂದ ರೂಢಿಯಿದೆ. ಈಗ ಮಡಚುವ ಕ್ಷೌರದ ಕತ್ತಿ ಮಾಡಿಕೊಡಿ ಎಂದು ಇಬ್ಬರು ಕೇಳಿದ್ದಾರೆ. ಸಾಮಗ್ರಿಯ ಖರ್ಚಿಗೆ ಮೂರು ಪಟ್ಟು ಹೇಳಿದರೆ ಸಾಕೆ? ಎಷ್ಟು ಹೇಳಿದರೆ ನನಗೂ ನಷ್ಟವಿಲ್ಲ, ಅವರಿಗೂ ಅನ್ಯಾಯವಿಲ್ಲ?

ಉತ್ತರ: ಸಾಮಗ್ರಿಗೆ ಇಷ್ಟು ಪಟ್ಟು ಎನ್ನುವ ಲೆಕ್ಕ ಈ ಕೆಲಸಕ್ಕೆ ಹೊಂದುವುದಿಲ್ಲ. ಒಂದು ಕತ್ತಿಗೆ ಬೇಕಾಗುವುದು ಸುಮಾರು 6 ಮಿ.ಮೀ. ದಪ್ಪದ, ಒಂದು ಗೇಣಿಗೂ ಕಡಿಮೆ ಉದ್ದದ ಉಕ್ಕಿನ ಪಟ್ಟಿ. ಸಾಮಾನ್ಯ ಕಾರ್ಬನ್ ಉಕ್ಕಾದರೆ ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ ವಸ್ತು ಅದೇ. ಬೆಲೆಯೆಲ್ಲ ಇರುವುದು ಗಂಟೆಗಳಲ್ಲಿ, ಅದರಲ್ಲೂ ಉಕ್ಕಿಗೆ ಹದ ಕೊಟ್ಟ (ಕಾಯಿಸಿ, ತಣಿಸಿ ಗಡುಸು ಮಾಡಿದ) ಮೇಲಿನ ಗಂಟೆಗಳಲ್ಲಿ.

ಚಾಕು ಮಾಡುವವರು ತಪ್ಪು ಅಂದಾಜು ಮಾಡುವುದೂ ಇಲ್ಲೇ. ಅಂಚನ್ನು ಮೊದಲೇ ತೆಳ್ಳಗೆ ಮಾಡಿ ಎಣ್ಣೆಗೆ ಅದ್ದಿದರೆ ಅಲೆಯಂತೆ ಬಾಗುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ. ಹಾಗಾಗಿ ಕನಿಷ್ಠ 1 ಮಿ.ಮೀ. ದಪ್ಪ ಉಳಿಸಿಕೊಂಡೇ ಕಾಯಿಸಬೇಕು. ಓ1 ಎಂಬ ಉಪಕರಣದ ಉಕ್ಕಾದರೆ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಆಮೇಲೆ 200 ಡಿಗ್ರಿಯಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಮತ್ತೆ ಬಿಸಿ ಮಾಡಿ ಪೆಡಸುತನ ಇಳಿಸಿದರೆ ರಾಕ್‌ವೆಲ್ ಸಿ ಅಳತೆಯಲ್ಲಿ 61ರ ಸುತ್ತಮುತ್ತ ಗಡಸುತನ ಬರುತ್ತದೆ. ಅಷ್ಟು ಗಡುಸಾದ ಲೋಹವನ್ನು ಆಮೇಲೆ ಎರಡೂ ಕಡೆಯಿಂದ ಟೊಳ್ಳಾಗಿ (ಮುಖ ಒಳಕ್ಕೆ ತಗ್ಗಿ ಬಾಗುವಂತೆ) ಕೊರೆದು, ಅಂಚಿನ ಬಳಿ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗಕ್ಕೆ ತರಬೇಕು. ಗ್ರೈಂಡಿಂಗ್ ಯಂತ್ರದ ಬೆಲ್ಟಿಗೆ ಒಂದು ಸಲ ತಾಗಿಸುವುದು, ನೀರಿಗೆ ಅದ್ದುವುದು, ಮತ್ತೆ ತಾಗಿಸುವುದು. ಇದಕ್ಕೆ ಅಡ್ಡದಾರಿ ಇಲ್ಲ. ಅಂಚಿನಲ್ಲಿ ಒಂದು ಕ್ಷಣ ನೀಲಿ ಬಣ್ಣ ಮೂಡಿತೆಂದರೆ ಅಲ್ಲಿ ಬಿಸಿ 300 ಡಿಗ್ರಿ ಮುಟ್ಟಿದೆ, ಆ ಜಾಗದ ಹದ ಹೋಯಿತು ಎಂದೇ ಅರ್ಥ. ಎಮರಿ ಪೇಪರ್ ಹಾಕಿ ಉಜ್ಜಿದರೆ ನೀಲಿ ಹೋಗುತ್ತದೆ, ಹೋದ ಹದ ಮಾತ್ರ ಬರುವುದಿಲ್ಲ. ಆ ಕತ್ತಿಯನ್ನು ಮಾರಬಾರದು.

ಈಗ ಲೆಕ್ಕಕ್ಕೆ ಬರೋಣ. ಎಲ್ಲವನ್ನೂ ಮೊದಲು ಗಂಟೆಯಲ್ಲಿ ಬರೆದುಕೊಳ್ಳಿ, ಹಣಕ್ಕೆ ಕೊನೆಯಲ್ಲಿ ತಿರುಗಿಸಿದರಾಯಿತು. 6/8 ಅಗಲದ (ಇಂಚಿನ ಎಂಟನೇ ಭಾಗಗಳಲ್ಲಿ ಅಳೆಯುವುದು ಈ ಕಸುಬಿನ ರೂಢಿ, 6/8 ಅಂದರೆ 19 ಮಿ.ಮೀ.), ಅರ್ಧ ಟೊಳ್ಳಿನ, ಕನ್ನಡಿ ಹೊಳಪಿಲ್ಲದ, ಜಿ10 (ಗಾಜಿನ ನಾರು ಮತ್ತು ರಾಳದ ಹಲಗೆ) ಹಿಡಿಯ ಒಂದು ಕತ್ತಿಗೆ ಕೈ ಪಳಗಿದವರ ಲೆಕ್ಕ ಹೀಗಿರಬಹುದು: ಮಾತುಕತೆ ಮತ್ತು ನಕ್ಷೆಗೆ ಒಂದೂವರೆ ಗಂಟೆ. ಕತ್ತರಿಸಿ, ತೂತು ಕೊರೆದು, ಆಕಾರಕ್ಕೆ ತರಲು ಎರಡೂವರೆ. ಹದ ಕೊಡುವಾಗ ನೀವು ನಿಂತು ನೋಡಿಕೊಳ್ಳುವ ಸಮಯ ಒಂದೂವರೆ (ಓವನ್ ತಾನೇ ಓಡುವ ನಾಲ್ಕು ಗಂಟೆಯನ್ನು ಸೇರಿಸಬೇಡಿ, ಆಗ ನೀವು ಬೇರೆ ಕೆಲಸ ಮಾಡುತ್ತಿರುತ್ತೀರಿ). ಗಡುಸಾದ ಮೇಲಿನ ಗ್ರೈಂಡಿಂಗ್ ನಾಲ್ಕು. ಕೈಯಿಂದ ಉಜ್ಜಿ ನಯ ಮಾಡುವುದು ಐದು. ಹಿಡಿ, ಹಿಡಿಯ ಎರಡು ಪಟ್ಟಿಗಳ ನಡುವೆ ತುದಿಯಲ್ಲಿ ಕೂರಿಸುವ ಬೆಣೆ, ಪಿನ್ನು ನಾಲ್ಕೂವರೆ. ಸಾಣೆ ಹಿಡಿದು, ಚರ್ಮದ ಪಟ್ಟಿಗೆ ಎಳೆದು, ಪರೀಕ್ಷಿಸುವುದು ಒಂದೂವರೆ. ಫೋಟೊ, ಪ್ಯಾಕಿಂಗ್, ಪತ್ರವ್ಯವಹಾರ ಒಂದೂವರೆ. ಒಟ್ಟು 22 ಗಂಟೆ.

ಇಲ್ಲಿಗೆ ನಿಲ್ಲಿಸಿದರೆ ನಷ್ಟ ಖಚಿತ. ಆರು ಅಲಗಿನಲ್ಲಿ ಒಂದು ಹಾಳಾಗುತ್ತದೆ ಎಂದಿಟ್ಟುಕೊಳ್ಳಿ. ಕತ್ತರಿಸಿದ್ದು, ಹದ, ಗ್ರೈಂಡಿಂಗ್ ಸೇರಿ 8 ಗಂಟೆ ಹೋಯಿತು. ಅದನ್ನು ಉಳಿದ ಐದಕ್ಕೆ ಹಂಚಿದರೆ ತಲಾ 1.6 ಗಂಟೆ. ಅಲ್ಲಿಗೆ ಲೆಕ್ಕ 23.6 ಆಯಿತು. ಆದರೆ ಆರರಲ್ಲಿ ಮೂರು ಹಾಳಾಗುತ್ತಿದ್ದರೆ ಆ ನಷ್ಟವನ್ನು ಗಿರಾಕಿಯ ತಲೆಗೆ ಕಟ್ಟಬೇಡಿ, ಅದು ನಿಮ್ಮ ಕಲಿಕೆಯ ಖರ್ಚು. ಮೊದಲ ಕತ್ತಿಗೆ 45 ಗಂಟೆ ಹಿಡಿದರೂ ಅಷ್ಟೇ. 22ರಿಂದ 25 ಗಂಟೆಯ ಬೆಲೆ ಹೇಳಿ, ಮಿಕ್ಕಿದ್ದನ್ನು ನೀವೇ ನುಂಗಿಕೊಳ್ಳಿ. ಗಂಟೆಯ ದರವನ್ನು ಮಾತ್ರ ಇಳಿಸಬೇಡಿ. ಒಮ್ಮೆ ಇಳಿಸಿದ ದರವನ್ನು ಅದೇ ಗಿರಾಕಿಗೆ ಮತ್ತೆ ಏರಿಸುವುದು ಕಷ್ಟ.

ಅಂಗಡಿ ಖರ್ಚು ಬೇರೆ. ಬಾಡಿಗೆ, ಕರೆಂಟು, ಯಂತ್ರದ ಸವಕಳಿಯ ತಿಂಗಳ ಮೊತ್ತವನ್ನು ನೀವು ನಿಜವಾಗಿ ಕತ್ತಿಯ ಮೇಲೆ ಕೈಯಿಟ್ಟ ಗಂಟೆಗಳಿಂದ ಭಾಗಿಸಿ. ವಾರಕ್ಕೆ 40 ಗಂಟೆ ಅಂಗಡಿಯಲ್ಲಿದ್ದರೂ ಕತ್ತಿಗೆ ಸಲ್ಲುವುದು 25 ಮಾತ್ರ ಇರಬಹುದು, ಉಳಿದದ್ದು ಗುಡಿಸುವುದು, ಸಾಮಾನು ತರುವುದು, ಬೆಲ್ಟು ಬದಲಿಸುವುದರಲ್ಲೇ ಹೋಗುತ್ತದೆ. ಕೊನೆಗೆ ಸೂತ್ರ ಇಷ್ಟು: 23.6 ಗಂಟೆಗೆ ನಿಮ್ಮ ಕೂಲಿ, ಅಷ್ಟೇ ಗಂಟೆಗೆ ಅಂಗಡಿ ಖರ್ಚು, ಸಾಮಗ್ರಿ, ಇವು ಮೂರರ ಮೊತ್ತದ ಮೇಲೆ ಶೇ 10ರಿಂದ 20 ಲಾಭ. ಸಾಮಗ್ರಿಯಲ್ಲಿ ಬೆಲ್ಟನ್ನು ಮರೆಯಬೇಡಿ. ಗಡುಸು ಉಕ್ಕಿಗೆ ಹಳೆಯ ಬೆಲ್ಟು ಹಾಕಿದರೆ ಅದು ಕೊರೆಯುವ ಬದಲು ತಿಕ್ಕಿ ಬಿಸಿ ಮಾಡುತ್ತದೆ, ನೀಲಿ ಮೂಡುವುದು ಆಗಲೇ. ಬೆಲ್ಟಿನಲ್ಲಿ ಉಳಿಸಿದ್ದು ಅಲಗಿನಲ್ಲಿ ಹೋಗುತ್ತದೆ.

ಪ್ರಶ್ನೆ: ಇಬ್ಬರು ಕಸುಬುದಾರರಿಂದ ದರ ಕೇಳಿದೆ. ಫೋಟೊದಲ್ಲಿ ಎರಡೂ ಕತ್ತಿ ಒಂದೇ ಥರ ಕಾಣುತ್ತವೆ, ಬೆಲೆ ಮಾತ್ರ ಒಂದಕ್ಕೆ ಇನ್ನೊಂದರ ಎರಡೂವರೆ ಪಟ್ಟು. ಯಾರು ನ್ಯಾಯವಾಗಿ ಹೇಳುತ್ತಿದ್ದಾರೆ?

ಉತ್ತರ: ಇಬ್ಬರೂ ನ್ಯಾಯವಾಗಿಯೇ ಹೇಳುತ್ತಿರಬಹುದು. ನಾಲ್ಕು ವಿಷಯ ಕೇಳಿ ನೋಡಿ.

ಮೊದಲನೆಯದು ಟೊಳ್ಳು ಎಷ್ಟು ಎಂಬುದು. ಬೆಣೆಯಾಕಾರದ, ಅಂದರೆ ಟೊಳ್ಳೇ ಇಲ್ಲದಂಥ ಅಲಗಿಗೂ ಪೂರ್ತಿ ಟೊಳ್ಳಾದ ಅಲಗಿಗೂ ಕೆಲಸದಲ್ಲಿ ಅಜಗಜಾಂತರ. ಪೂರ್ತಿ ಟೊಳ್ಳಿಗೆ ಚಿಕ್ಕ ವ್ಯಾಸದ ಚಕ್ರ ಬೇಕು, ಅಂಚು ಉಗುರಿನ ಮೇಲೆ ಮೆಲ್ಲಗೆ ಒತ್ತಿದರೆ ಬಾಗುವಷ್ಟು ತೆಳುವಾಗಬೇಕು, ಮತ್ತು ಕೊನೆಯ ಐದು ನಿಮಿಷದಲ್ಲಿ ಕೈ ತಪ್ಪಿದರೆ ಹಿಂದಿನ ಎಲ್ಲ ಗಂಟೆಯೂ ವ್ಯರ್ಥ.

ಎರಡನೆಯದು ಹೊಳಪು. ಕೈಯಿಂದ ಎಳೆದ ಸ್ಯಾಟಿನ್ (ಮಂದ ಹೊಳಪಿನ) ಮೈಗೆ 600 ಗ್ರಿಟ್ (ಅಂಕಿ ಏರಿದಷ್ಟೂ ಕಾಗದ ನಯ) ಎಮರಿ ಪೇಪರ್‌ನಲ್ಲಿ ನಿಲ್ಲಿಸಬಹುದು. ಕನ್ನಡಿ ಹೊಳಪಿಗೆ 800, 1200, 2000 ದಾಟಿ ಹೋಗಬೇಕು. ಪ್ರತಿ ಹಂತದಲ್ಲೂ ಹಿಂದಿನ ಕಾಗದದ ಗೀರು ಪೂರ್ತಿ ಹೋಗಿರಬೇಕು. 220ರ ಒಂದು ಗೀರು ಉಳಿದಿದ್ದು ಬಫ್ ಮಾಡುವಾಗ (ಬಟ್ಟೆಯ ಚಕ್ರದಲ್ಲಿ ಹೊಳಪು ಕೊಡುವಾಗ) ಕಣ್ಣಿಗೆ ಬಿದ್ದರೆ ಮತ್ತೆ 220ಕ್ಕೇ ಇಳಿಯಬೇಕು. ನಯ ಮಾಡುವ ಸಮಯ ಸುಲಭವಾಗಿ ಎರಡು ಪಟ್ಟಾಗುತ್ತದೆ. ಬಫ್ ಚಕ್ರಕ್ಕೆ ಒತ್ತಿ ಹಿಡಿದು ಬೇಗ ಮುಗಿಸಿದ ಹೊಳಪೂ ಇದೆ: ಅದರಲ್ಲಿ ಬೆನ್ನಿನ (ಅಂಚಿಗೆ ಎದುರಿನ ದಪ್ಪ ಬದಿಯ) ಗೆರೆಗಳು ಚೂಪಾಗಿ ಉಳಿಯದೆ ಕರಗಿದ ಸೋಪಿನ ತುಂಡಿನಂತೆ ದುಂಡಾಗಿರುತ್ತವೆ. ಫೋಟೊದಲ್ಲಿ ಇದು ಗೊತ್ತಾಗದು, ಬೆಳಕನ್ನು ಓರೆಯಾಗಿ ಬಿಟ್ಟು ತೆಗೆದ ವೀಡಿಯೊ ಕೇಳಿ.

ಮೂರನೆಯದು ಉಕ್ಕು. ಡಮಾಸ್ಕಸ್ ಎಂದು ಮಾರುವ ಪದರದ ಉಕ್ಕನ್ನು ಸಾಮಾನ್ಯವಾಗಿ 1095 ಮತ್ತು 15ಎನ್20 ಎಂಬ ಎರಡು ಉಕ್ಕುಗಳನ್ನು ಬೆಸೆದು ಮಾಡುತ್ತಾರೆ. ಎರಡನೆಯದರಲ್ಲಿ ನಿಕ್ಕಲ್ ಇರುವುದರಿಂದ ಆಮ್ಲದಲ್ಲಿ ಅದ್ದಿದಾಗ ಅದು ಬೆಳ್ಳಗೆ ಉಳಿದು, ಇನ್ನೊಂದು ಕಪ್ಪಾಗುತ್ತದೆ. ಪದರದ ನಡುವೆ ಬೆಸುಗೆ ಕೂಡದ ಜಾಗವಿದ್ದರೆ ಅದು ಕಾಣುವುದು ಗ್ರೈಂಡಿಂಗ್ ಮುಗಿಯುವ ಹೊತ್ತಿಗೆ. ಹಾಗಾಗಿ ಬೆಲೆ ಏರುವುದು ಸಹಜ. ಕ್ಷೌರ ಮಾತ್ರ ಅದರಿಂದ ಹೆಚ್ಚು ನುಣುಪಾಗುವುದಿಲ್ಲ. ಅಂದಕ್ಕೆ ಕೊಡುತ್ತೀರಾದರೆ ಕೊಡಿ, ಹರಿತಕ್ಕೆಂದು ಕೊಡಬೇಡಿ.

ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ: ಬೆನ್ನಿನ ದಪ್ಪ. ಸಾಣೆ ಹಿಡಿಯುವಾಗ ಕಲ್ಲಿನ ಮೇಲೆ ಅಂಚೂ ಬೆನ್ನೂ ಒಟ್ಟಿಗೆ ಕೂರುತ್ತವೆ, ಹಾಗಾಗಿ ಹರಿತದ ಕೋನವನ್ನು ನಿರ್ಧರಿಸುವುದು ಬೆನ್ನಿನ ದಪ್ಪವೇ. 19 ಮಿ.ಮೀ. ಅಗಲಕ್ಕೆ 5.5 ಮಿ.ಮೀ. ಬೆನ್ನಿದ್ದರೆ ಕೋನ 16.5 ಡಿಗ್ರಿ, ಒಳ್ಳೆಯದು. ಬೆನ್ನು 4.5ಕ್ಕೆ ಇಳಿದರೆ ಕೋನ 14 ಡಿಗ್ರಿಗೂ ಕಡಿಮೆಯಾಗಿ ಅಂಚು ಉದುರತೊಡಗುತ್ತದೆ. 7ಕ್ಕೆ ಏರಿದರೆ 21 ದಾಟಿ, ಎಷ್ಟು ಮಸೆದರೂ ಗಡ್ಡವನ್ನು ಎಳೆಯುತ್ತದೆ. ಅಗಲ ಮತ್ತು ಬೆನ್ನಿನ ಅಳತೆ ಕೇಳಿದಾಗ ತಕ್ಷಣ ಉತ್ತರ ಬರದಿದ್ದರೆ ಕಡಿಮೆ ಬೆಲೆಯವರಾದರೂ ನಮಗೆ ದುಬಾರಿಯೆಂದೇ ಅನ್ನಿಸುತ್ತದೆ.

ಕತ್ತಿ ಕೈಗೆ ಬಂದ ದಿನ ಹಣ ಚುಕ್ತಾ ಮಾಡುವ ಮುಂಚೆ ನೋಡಬೇಕಾದ್ದಿಷ್ಟು. ದಪ್ಪ ಗಾಜಿನ ಮೇಲೆ ಅಲಗನ್ನು ಮೆಲ್ಲಗೆ ಮಲಗಿಸಿ: ಬೆನ್ನೂ ಅಂಚೂ ಉದ್ದಕ್ಕೂ ತಾಗಬೇಕು. ಓಲಾಡಿದರೆ ಅಲಗು ತಿರುಚಿದೆ. ಅಂಚು ಬೇಕೆಂದೇ ನಗುವಿನಂತೆ ಬಾಗಿದ್ದರೆ ಈ ಪರೀಕ್ಷೆ ಒಪ್ಪುವುದಿಲ್ಲ, ಅದನ್ನು ಉರುಳಿಸುತ್ತಾ ಮಸೆಯಬೇಕು. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಹರಿತದ ಪಟ್ಟಿ ಬುಡದಿಂದ ತುದಿಯವರೆಗೆ ಒಂದೇ ಅಗಲ ಇದೆಯೇ, ಎರಡೂ ಮುಖದಲ್ಲಿ ಸಮವೇ ಎಂದು ನೋಡಿ. ಕತ್ತಿಯನ್ನು ಮಡಚಿ: ಅಲಗು ಹಿಡಿಯ ಎರಡು ಪಟ್ಟಿಗಳ ನಡುವೆ ಸರಿಯಾಗಿ ಕೂರಬೇಕು. ಒಂದು ಪಟ್ಟಿಗೆ ತಾಗುತ್ತಿದ್ದರೆ ತುದಿಯ ಬೆಣೆ ಓರೆಯಾಗಿದೆ ಅಥವಾ ಪಿನ್ನಿನ ತೂತು ಲಂಬವಾಗಿಲ್ಲ. ತಲೆಕೆಳಗೆ ಹಿಡಿದಾಗ ತಾನಾಗಿ ಬಿಚ್ಚಿಕೊಳ್ಳಬಾರದು. ಸಡಿಲವಿದ್ದರೆ ಚಿಕ್ಕ ಗುಂಡುತಲೆಯ ಸುತ್ತಿಗೆಯಿಂದ ಪಿನ್ನನ್ನು ಒಂದೆರಡು ಸಲ ತಟ್ಟಿಸಿದರೆ ಸರಿಹೋಗುತ್ತದೆ, ಅದಕ್ಕಾಗಿ ಬೆಲೆ ಇಳಿಸಿ ಎನ್ನುವುದು ಸಲ್ಲ. ತಿರುಚಿದ ಅಲಗು ಹಾಗಲ್ಲ, ವಾಪಸು ಕೊಡಿ.

ಸಾಣೆ ಹಿಡಿದು ಕೊಡುತ್ತಾರೋ ಇಲ್ಲವೋ ಎಂಬುದನ್ನೂ ಬರೆಸಿಕೊಳ್ಳಿ. 1000ದ ಕಲ್ಲಿನಲ್ಲಿ ಹರಿತ ಕೂರಿಸಿ, 4000, 8000 ದಾಟಿ 12000ದಲ್ಲಿ ಮುಗಿಸಿ, ಚರ್ಮಕ್ಕೆ ಎಳೆದು ಕೊಟ್ಟರೆ ಮಾತ್ರ ಅದು ಕ್ಷೌರಕ್ಕೆ ಸಿದ್ಧ. ಬಿಡಿ ಕೂದಲನ್ನು ಹಿಡಿದು ತಾಗಿಸಿದರೆ ಅದು ತುಂಡಾಗಬೇಕು.

ಪ್ರಶ್ನೆ: 8/8 ಅಗಲದ ಕತ್ತಿಗೆ ಆರ್ಡರ್ ತೆಗೆದುಕೊಂಡೆ. ಗ್ರೈಂಡಿಂಗ್ ಅರ್ಧ ಆದ ಮೇಲೆ ಗಿರಾಕಿ '6/8 ಸಾಕು, ಸ್ವಲ್ಪ ಕತ್ತರಿಸಿಬಿಡಿ' ಎನ್ನುತ್ತಿದ್ದಾರೆ. ಹಿಡಿಗೆ ಅವರ ಮನೆಯಲ್ಲಿದ್ದ ಹಳೆಯ ಕೊಂಬನ್ನೂ ಕೊಟ್ಟಿದ್ದಾರೆ. ಹೆಚ್ಚಿನ ಹಣ ಕೇಳಬಹುದೇ?

ಉತ್ತರ: ಕೇಳಲೇಬೇಕು, ಏಕೆಂದರೆ ಅದು ಹೊಸ ಕತ್ತಿ. ಮೇಲೆ ಹೇಳಿದ ಬೆನ್ನು ಮತ್ತು ಕೋನದ ಲೆಕ್ಕವನ್ನೇ ತೆಗೆದುಕೊಳ್ಳಿ: 25 ಮಿ.ಮೀ. ಅಗಲಕ್ಕೆಂದು 7.3 ಮಿ.ಮೀ. ಬೆನ್ನು ಇಟ್ಟಿರುತ್ತೀರಿ. ಅಗಲವನ್ನು 19ಕ್ಕೆ ಇಳಿಸಿದರೆ ಕೋನ 22 ಡಿಗ್ರಿಯಾಗುತ್ತದೆ. ಬೆನ್ನನ್ನೂ ಗಡುಸಾದ ಮೇಲೆ ಎರಡೂ ಕಡೆ ಸಮನಾಗಿ ತೆಳುಮಾಡಿ, ಟೊಳ್ಳನ್ನು ಮತ್ತೆ ಕೊರೆಯುವ ಹೊತ್ತಿಗೆ ಹೊಸ ಪಟ್ಟಿಯಿಂದ ಶುರುಮಾಡಿದ್ದರೇ ಬೇಗ ಆಗುತ್ತಿತ್ತು. ಈವರೆಗಿನ ಗಂಟೆಗಳ ಹಣ ಪಡೆದು ಹೊಸದಾಗಿ ಮಾಡಿ, ಇಲ್ಲವೇ 8/8 ಅನ್ನು ಬೇರೆಯವರಿಗೆ ಮಾರಿ ವ್ಯತ್ಯಾಸವಷ್ಟನ್ನೇ ಕೇಳಿ. ಹೆಸರಿನ ಅಕ್ಷರ ಕೆತ್ತಿದ್ದರೆ ಈ ಎರಡನೇ ದಾರಿ ಮುಚ್ಚಿಹೋಗುತ್ತದೆ. ಅದಕ್ಕೇ ಕೆತ್ತನೆಯಿರುವ ಆರ್ಡರಿಗೆ ಮುಂಗಡ ಅರ್ಧಕ್ಕಿಂತ ಕಡಿಮೆ ಇರಬಾರದು ಎನ್ನುವುದು ನಮ್ಮ ಅಭಿಪ್ರಾಯ.

ಅಲಗು ನಿಮ್ಮ ಕೈಯಲ್ಲಿ ಒಡೆದರೆ ಹೆಚ್ಚುವರಿ ಕೇಳುವಂತಿಲ್ಲ, ಆ 1.6 ಗಂಟೆಯನ್ನು ಆಗಲೇ ಬೆಲೆಯಲ್ಲಿ ಸೇರಿಸಿದ್ದೀರಿ. ಗಿರಾಕಿ ಕೊಟ್ಟ ಕೊಂಬಿನ ಕತೆ ಬೇರೆ. ಹಳೆಯ ಕೊಂಬಿನಲ್ಲಿ ಪದರ ಬಿಟ್ಟಿರಬಹುದು, ಹುಳು ತಿಂದಿರಬಹುದು, ಸುಮಾರು 3 ಮಿ.ಮೀ. ಪಟ್ಟಿಯಾಗಿ ಸೀಳಿದ ಮೇಲೆ ಹವೆಗೆ ಬಾಗಬಹುದು. ಸೀಳಿದ ಪಟ್ಟಿಗಳನ್ನು ಕೆಲವು ವಾರ ಹಾಗೆಯೇ ಬಿಟ್ಟು, ಬಾಗುವುದೆಲ್ಲ ಬಾಗಿದ ಮೇಲೆ ಸಮತಟ್ಟು ಮಾಡಿ. ಒಡೆದರೆ ಹೊಣೆ ಮಾಡುವವರದಲ್ಲ, ಬದಲಿ ಸಾಮಗ್ರಿ ಇಂಥದ್ದು ಎಂದು ಮೊದಲೇ ಬರೆದುಕೊಡಿ.

ಪ್ರಶ್ನೆ: ಕೆಲವು ವರ್ಷದ ಹಿಂದೆ ಮಾಡಿಸಿದ ಕತ್ತಿಯನ್ನು ಮಾರಬೇಕಾಗಿದೆ. ಹಳೆಯ ಷೆಫೀಲ್ಡ್ ಕತ್ತಿಗಳ ಬೆಲೆ ನೋಡಿ ನನ್ನದಕ್ಕೂ ಬೆಲೆ ಹೇಳಬಹುದೇ?

ಉತ್ತರ: ಹೋಲಿಸಬೇಡಿ. ಇಂಗ್ಲೆಂಡಿನ ಷೆಫೀಲ್ಡ್, ಜರ್ಮನಿಯ ಸೋಲಿಂಗೆನ್ ಊರುಗಳ ಕತ್ತಿಗಳು ಕಾರ್ಖಾನೆಗಳಲ್ಲಿ ಅಪಾರ ಸಂಖ್ಯೆಯಲ್ಲಿ ತಯಾರಾದವು. ಅವುಗಳ ಬೆಲೆ ಇರುವುದು ಗುರುತು, ಕಾಲ ಮತ್ತು ಸ್ಥಿತಿಯಲ್ಲಿ. ಉದಾಹರಣೆಗೆ, 1890ರ ಅಮೆರಿಕದ ಮೆಕಿನ್ಲಿ ಸುಂಕ ಕಾಯ್ದೆಯಿಂದಾಗಿ ಅಲ್ಲಿಗೆ ಹೋಗುವ ಸರಕಿನ ಮೇಲೆ ಮರುವರ್ಷದಿಂದ ತಯಾರಾದ ದೇಶದ ಹೆಸರು ಇರಬೇಕಾಯಿತು. ದೇಶದ ಹೆಸರಿಲ್ಲದ ಕತ್ತಿ ಅದಕ್ಕಿಂತ ಹಳೆಯದಿರಬಹುದು, ಅಮೆರಿಕಕ್ಕೆ ಹೋಗದೇ ಇದ್ದದ್ದೂ ಇರಬಹುದು. ಇಂಥ ಯಾವ ಲೆಕ್ಕವೂ ನಿಮ್ಮ ಕತ್ತಿಗೆ ಅನ್ವಯಿಸುವುದಿಲ್ಲ.

ನಿಮ್ಮದಕ್ಕೆ ಆಧಾರ, ಅದೇ ಕಸುಬುದಾರರು ಈಗ ಅಂಥದ್ದಕ್ಕೆ ಹೇಳುವ ಬೆಲೆ ಮತ್ತು ಎಷ್ಟು ಕಾಯಬೇಕು ಎಂಬುದು. ಅವರಲ್ಲಿ ಸರದಿ ಉದ್ದವಿದ್ದರೆ ಹೊಸದರ ಹತ್ತಿರದ ಬೆಲೆ ಸಿಗುತ್ತದೆ. ಹೆಸರು ಯಾರಿಗೂ ಗೊತ್ತಿಲ್ಲದಿದ್ದರೆ ಅರ್ಧವೂ ಕಷ್ಟ. ಅದರ ಮೇಲೆ ಕಳೆಯುವುದು ಶುರುವಾಗುತ್ತದೆ: ಬೆನ್ನು ಕಲ್ಲಿಗೆ ಸವೆದು ಅಗಲವಾದ ಚಪ್ಪಟೆ ಪಟ್ಟಿ ಬಿದ್ದಿದ್ದರೆ, ನಿಮ್ಮ ಹೆಸರಿನ ಅಕ್ಷರ ಕೆತ್ತಿದ್ದರೆ, ಮೈಮೇಲೆ ತುಕ್ಕಿನ ಕಪ್ಪು ಚುಕ್ಕೆಗಳಿದ್ದರೆ. ಚುಕ್ಕೆ ಅಂಚಿನಲ್ಲೇ ಇದ್ದರೆ ಮಸೆದಂತೆಲ್ಲ ಅಲ್ಲಿ ಹಲ್ಲು ಬೀಳುತ್ತದೆ. ಅಂಚಿನಲ್ಲಿ ಕೂದಲೆಳೆಯ ಬಿರುಕು ಕಂಡರೆ ಅದು ಕ್ಷೌರದ ಕತ್ತಿಯೇ ಅಲ್ಲ, ಹಿಡಿಯ ಬೆಲೆಗಷ್ಟೇ ಹೋಗುತ್ತದೆ.

ಹಿಡಿ ದಂತದ್ದೋ ಕಡಲಾಮೆ ಚಿಪ್ಪಿನದ್ದೋ ಆಗಿದ್ದರೆ ಮಾರುವ ಮುಂಚೆ ಕಾನೂನು ವಿಚಾರಿಸಿ. 1975ರಲ್ಲಿ ಜಾರಿಗೆ ಬಂದ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ) ಒಪ್ಪಂದದ ಪ್ರಕಾರ ದಾಖಲೆಯಿಲ್ಲದೆ ಇವನ್ನು ಗಡಿ ದಾಟಿಸುವಂತಿಲ್ಲ. ಹಿಡಿ ಸೆಲ್ಯುಲಾಯ್ಡ್ (ಹಳೆಯ ಬಗೆಯ ಪ್ಲಾಸ್ಟಿಕ್) ಆಗಿದ್ದರೆ ಮಡಚಿಟ್ಟ ಅಲಗನ್ನು ಬಿಚ್ಚಿ ನೋಡಿ: ಹಿಡಿಯೊಳಗಿರುವ ಭಾಗಕ್ಕೆ ಮಾತ್ರ ತುಕ್ಕು ಹಿಡಿದಿದ್ದರೆ ಸೆಲ್ಯುಲಾಯ್ಡ್ ಕೊಳೆತು ಆಮ್ಲದ ಆವಿ ಬಿಡುತ್ತಿದೆ. ಹಿಡಿ ತೆಗೆಸಿ ಅಲಗನ್ನು ಎಣ್ಣೆ ಸವರಿ ಬೇರೆಯೇ ಇಡಿ, ಮತ್ತು ಬರಿಯ ಅಲಗೆಂದೇ ಹೇಳಿ ಮಾರಿ.