ಆ ಎಪಿಕೆ ಹಾಕಿಕೊಂಡಿದ್ದರೆ ಮೊದಲು ಸಿಮ್ ತೆಗೆಯಿರಿ

ಅಣ್ಣ, ಬೆಳಗ್ಗೆ ನೀವು ಗುಂಪಿಗೆ ಹಾಕಿದ್ದನ್ನು ಈಗಷ್ಟೇ ನೋಡಿದೆ. "ಪಿಎಂ ಕಿಸಾನ್ ಇ-ಕೆವೈಸಿ ಅಂತ ಫೈಲ್ ಬಂತು, ಇನ್‌ಸ್ಟಾಲ್ ಮಾಡಿದೆ, ಓಪನ್ ಆಗ್ತಿಲ್ಲ, ಐಕಾನೂ ಕಾಣಿಸ್ತಿಲ್ಲ, ನಿಮಗ್ಯಾರಿಗಾದರೂ ಆಗ್ತದಾ ನೋಡಿ" ಅಂತ ಬರೆದು ಅದೇ ಫೈಲನ್ನು ಇಲ್ಲಿಗೂ ಹಾಕಿದ್ದೀರಿ. ಕೆಳಗೆ ಆಧಾರ್, ಪಾಸ್‌ಬುಕ್ ಫೋಟೋ. ಅದರ ಕೆಳಗೆ ಮೂರು ಜನ "ಫೋನ್ ಆಫ್ ಮಾಡಿ ಆನ್ ಮಾಡಿ" ಅಂದಿದ್ದಾರೆ. ಅದು ಸರ್ಕಾರದ್ದಲ್ಲ, ಓಟಿಪಿ ಕದ್ದು ಖಾತೆಯ ಹಣ ತೆಗೆಯುವ ವಂಚಕರ ಎಪಿಕೆ, ಅಂದರೆ ಪ್ಲೇಸ್ಟೋರಿನ ಹೊರಗಿಂದ ಹಾಕುವ ಆ್ಯಪ್ ಫೈಲ್. ಆಫ್ ಮಾಡಿ ಆನ್ ಮಾಡಿದರೆ ಏನೂ ಆಗುವುದಿಲ್ಲ, ಫೋನ್ ಎದ್ದ ಕೂಡಲೇ ಅದೂ ಎದ್ದು ಕೂರುತ್ತದೆ. ನಿಮಗೆ ಎರಡು ಸಲ ಫೋನ್ ಮಾಡಿದೆ, ಹತ್ತಲಿಲ್ಲ. ಹಾಗಾಗಿ ಇಲ್ಲೇ ಬರೆಯುತ್ತಿದ್ದೇನೆ. ಮನೆಯವರು ಯಾರಾದರೂ ನೋಡಿದರೆ ದಯವಿಟ್ಟು ಅವರಿಗೆ ತೋರಿಸಿ.

ಓದುತ್ತಾ ಕೂರುವ ಮೊದಲು ಸಿಮ್ ತೆಗೆಯಿರಿ. ಎರಡಿದ್ದರೆ ಎರಡೂ. ಮನೆಯಲ್ಲಿ ವೈಫೈ ಇದ್ದರೆ ಅದನ್ನೂ ಆರಿಸಿ, ಸಿಮ್ ತೆಗೆದ ಮೇಲೂ ವೈಫೈ ಮೇಲೆ ಅದು ಕೆಲಸ ಮಾಡುತ್ತಿರುತ್ತದೆ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮನ್ನು ಯಾವುದಾದರೂ ಕೀಪ್ಯಾಡ್ ಫೋನಿಗೆ ಹಾಕಿ. ಹಾಕಿದ ಮೇಲೆ ##002# ಅಂತ ಒತ್ತಿ ಕರೆ ಮಾಡಿ. ವಂಚಕರು ನಿಮ್ಮ ಕರೆ ತಮ್ಮ ನಂಬರಿಗೆ ಹೋಗುವಂತೆ ಕಾಲ್ ಫಾರ್ವರ್ಡ್ ಇಟ್ಟಿದ್ದರೆ ಇದರಿಂದ ರದ್ದಾಗುತ್ತದೆ. ಅದು ಕೂತಿರುವುದು ನೆಟ್‌ವರ್ಕಿನಲ್ಲಿ, ಫೋನಿನಲ್ಲಲ್ಲ. ಫೋನ್ ಬದಲಾಯಿಸಿದರೂ ನಿಮ್ಮ ಕರೆ ಅವರಿಗೇ ಹೋಗುತ್ತಿರುತ್ತದೆ. ಆಮೇಲೆ ಆ ಕೀಪ್ಯಾಡ್ ಫೋನಿನಿಂದಲೇ ಬ್ಯಾಂಕಿಗೆ ಮಾಡಿ. ನಂಬರ್ ಎಟಿಎಂ ಕಾರ್ಡಿನ ಹಿಂದೆ ಇರುತ್ತದೆ, ಪಾಸ್‌ಬುಕ್‌ನಲ್ಲೂ ಇರುತ್ತದೆ. ಗೂಗಲ್‌ನಲ್ಲಿ ಹುಡುಕಲೇಬೇಡಿ. ಖಾತೆಯಿಂದ ಹಣ ಹೊರಹೋಗದಂತೆ ತಡೆಯಿರಿ, ಕಾರ್ಡ್, ಯುಪಿಐ, ನೆಟ್ ಬ್ಯಾಂಕಿಂಗ್ ಮೂರನ್ನೂ ನಿಲ್ಲಿಸಿ ಅಂತ ಹೇಳಿ. ಹೇಳಿದ ಗಂಟೆ, ಅವರು ಕೊಟ್ಟ ದೂರು ಸಂಖ್ಯೆ ಎರಡನ್ನೂ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ತಪ್ಪು ನಮ್ಮ ಕಡೆಯಿಂದ ಆಗಿದ್ದರೂ ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ನಮ್ಮ ತಲೆಗೆ ಬರುವುದಿಲ್ಲ. ಹಾಗಾಗಿ ಆ ಗಂಟೆ ಮುಖ್ಯ. ಒಂದು ರೂಪಾಯಿ ಹೋಗಿದ್ದರೂ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮಾಡಿ.

ಆ ಫೋನಿನಲ್ಲಿ ಮಾತ್ರ "ಬ್ಯಾಲೆನ್ಸ್ ಇದೆಯಾ ನೋಡುವ" ಅಂತ ಬ್ಯಾಂಕ್ ಆ್ಯಪ್ ತೆರೆಯಬೇಡಿ. ಪಿನ್ ಒತ್ತಿದ್ದೂ ಅವರಿಗೆ ಕಾಣಬಹುದು.

ಇಷ್ಟು ಜೋರಾಗಿ ಹೇಳಲು ಕಾರಣ ಇದೆ. 2024ರ ಆಗಸ್ಟ್‌ನಲ್ಲಿ ನಾನು ಇದನ್ನೇ ಮಾಡಿಕೊಂಡವನು. ಅಡಿಕೆಗೆ ಎರಡನೇ ಸಲದ ಬೋರ್ಡೋ (ಕೊಳೆರೋಗದ ಔಷಧಿ) ಹೊಡೆಸಬೇಕು, ಮಳೆ ಬಿಡುತ್ತಿಲ್ಲ, ಮರ ಹತ್ತುವವನು ಎರಡು ದಿನದಿಂದ ಕಾಯುತ್ತಿದ್ದ. ಜಗಲಿಯಲ್ಲಿ ಕೂತು ಅದಕ್ಕೆ ಬೆರೆಸುವ ಮೈಲುತುತ್ತ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕುತ್ತಿದ್ದಾಗ ನಮ್ಮೂರಿನವರದ್ದೇ ನಂಬರಿನಿಂದ ಆ ಫೈಲ್ ಬಂತು. ಪರಿಚಯದವರು ಕಳಿಸಿದ್ದಾರಲ್ಲ ಅಂತ ಒತ್ತಿದೆ. ಅವರು ಕಳಿಸಿರಲೇ ಇಲ್ಲ, ಅವರ ವಾಟ್ಸ್ಆ್ಯಪ್ ಹಿಡಿದವರು ಅವರ ಹೆಸರಲ್ಲಿ ಎಲ್ಲರಿಗೂ ಕಳಿಸಿದ್ದು, ಅದು ನನಗೆ ಗೊತ್ತಾದದ್ದು ಆಮೇಲೆ. ಇದು ಗೊತ್ತಿಲ್ಲದ ಮೂಲದ ಆ್ಯಪ್ ಅಂತ ಫೋನ್ ಎಚ್ಚರಿಸಿತು, ಅನುಮತಿ ಕೊಟ್ಟೆ. ಮೆಸೇಜ್ ಓದಲು ಬಿಡಬೇಕೇ ಅಂತ ಕೇಳಿತು, ಅದಕ್ಕೂ ಕೊಟ್ಟೆ. ಹಸಿರು ಪುಟ ಬಂತು, ಮೇಲೆ ತೆನೆಯ ಚಿತ್ರ, ಕೆಳಗೆ ಆಧಾರ್ ಸಂಖ್ಯೆ, ಹುಟ್ಟಿದ ದಿನ, ಎಟಿಎಂ ಕಾರ್ಡಿನ ಸಂಖ್ಯೆ. ಕಿಸಾನ್ ಹಣಕ್ಕೆ ಕಾರ್ಡ್ ಯಾಕೆ ಬೇಕು ಅಂತ ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ತುಂಬಿಸಿದೆ. "ಸರ್ವರ್ ಬ್ಯುಸಿ, 24 ಗಂಟೆ ಕಾಯಿರಿ" ಅಂತ ಬಂತು. ಐಕಾನ್ ಮಾಯ. ನಮ್ಮ ಕಡೆ ಸಿಗ್ನಲ್ ಇಷ್ಟೇ ಅಂದುಕೊಂಡು ಮತ್ತೆ ಹಾಕಿದೆ, ಒಟ್ಟು ಮೂರು ಸಲ.

ಮರುದಿನ ಔಷಧಿ ಹೊಡೆಯುವ ಪಂಪಿಗೆ ಪೆಟ್ರೋಲ್ ತರಲು ಹೋದಾಗ ಹಣ ಸಾಲುತ್ತಿಲ್ಲ ಅಂತ ಬಂತು. ಮೆಸೇಜ್ ಹುಡುಕಿದರೆ ಬ್ಯಾಂಕಿನಿಂದ ಒಂದೂ ಇಲ್ಲ. ನೇರ ಶಾಖೆಗೆ ಹೋಗಿ ಪಾಸ್‌ಬುಕ್ ಮುದ್ರಿಸಿದೆ. ಮೆಷಿನ್ನಿನಿಂದ ಪುಸ್ತಕ ಹೊರಗೆ ಬಂದಾಗ ಕೊನೆಯಲ್ಲಿ ನಾಲ್ಕು ಸಾಲು ಹೊಸದಾಗಿ ಇತ್ತು, ಶಾಯಿ ಇನ್ನೂ ಕಪ್ಪಗೆ. ನಾಲ್ಕೂ ಒಂದೇ ರಾತ್ರಿಯವು. ಒಟ್ಟು 1,86,000 ರೂಪಾಯಿ. ರಾಶಿ ಇಡಿ (ಅಡಿಕೆಯ ಒಂದು ಬಗೆ) ಮಾರಿ ಗೊಬ್ಬರಕ್ಕೆ, ಕೊಯ್ಲಿನ ಕೂಲಿಗೆ ಅಂತ ಇಟ್ಟದ್ದು.

ಆದದ್ದು ಹೀಗೆ. ನಾನೇ ತುಂಬಿಸಿದ ಕಾರ್ಡ್ ಸಂಖ್ಯೆ ಅವರ ಹತ್ತಿರ ಇತ್ತು. ಅದರಿಂದ ನನ್ನ ಹೆಸರಿನಲ್ಲಿ ನೆಟ್ ಬ್ಯಾಂಕಿಂಗ್ ತೆರೆದರು. ಓಟಿಪಿ ನನ್ನ ಫೋನಿಗೇ ಬಂತು, ಆ ಆ್ಯಪ್ ಅದನ್ನು ಓದಿ ಅವರಿಗೆ ದಾಟಿಸಿ ಇಲ್ಲಿಂದ ಅಳಿಸಿತು. "ನಾನು ಯಾರಿಗೂ ಓಟಿಪಿ ಹೇಳಲಿಲ್ಲವಲ್ಲ" ಅಂತ ನಾನು ಬ್ಯಾಂಕಿನಲ್ಲಿ ಅರ್ಧ ಗಂಟೆ ವಾದ ಮಾಡಿದೆ. ಹೇಳಬೇಕಾದ್ದೇ ಇರಲಿಲ್ಲ. ಆ ಅರ್ಧ ಗಂಟೆ, ಮತ್ತೆ ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತ ಎರಡು ಗಂಟೆ, ಇದೆಲ್ಲ ಕಳೆದು 1930ಕ್ಕೆ ಮಾಡಿದ್ದು ಮಧ್ಯಾಹ್ನ ಮೂರಕ್ಕೆ. ಅಷ್ಟರಲ್ಲಿ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿ ಬಹುಪಾಲು ಎಟಿಎಂನಿಂದ ತೆಗೆದಾಗಿತ್ತು. ತಡೆಹಿಡಿಯಲು ಸಿಕ್ಕಿದ್ದು 22,000. ಅದೂ ಕೋರ್ಟಿನ ಆದೇಶ ಬಂದು ಕೈಗೆ ಸೇರಲು ಏಳು ತಿಂಗಳು ಹಿಡಿಯಿತು. ಮುಂಜಾನೆಯೇ ಮಾಡಿದ್ದರೆ ಇನ್ನಷ್ಟು ಉಳಿಯುತ್ತಿತ್ತು ಅಂತ ಇವತ್ತಿಗೂ ನೋವಿದೆ. 1930ರವರು ಖಾತೆ ಸಂಖ್ಯೆ, ಹಣ ಹೋದ ಸಮಯ, ಮೊತ್ತ, ವ್ಯವಹಾರದ ಸಂಖ್ಯೆ ಕೇಳುತ್ತಾರೆ. ಪಾಸ್‌ಬುಕ್ ಎದುರಿಗಿಟ್ಟುಕೊಂಡೇ ಮಾಡಿ. ಅವರು ಕೊಡುವ ನಂಬರ್ ಹಿಡಿದು ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲಿ ದೂರು ಪೂರ್ತಿ ಮಾಡಬೇಕು. ಲೈನ್ ಸಿಗದಿದ್ದರೆ ಬಿಡಬೇಡಿ, ಇನ್ನೊಬ್ಬರ ಫೋನಿನಿಂದಲೂ ಪ್ರಯತ್ನಿಸುತ್ತಾ ಇರಿ.

ಈಗ ನಾನು ಮಾಡಿಕೊಂಡ ವ್ಯವಸ್ಥೆ. ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ, ಕೇಳಿದವರು ಕಡಿಮೆ. ಎರಡು ಖಾತೆ, ಎರಡು ನಂಬರ್. ಅಡಿಕೆ ಹಣ ಬರುವ ದೊಡ್ಡ ಖಾತೆಗೆ ಕೊಟ್ಟ ನಂಬರಿನ ಸಿಮ್ ಕೀಪ್ಯಾಡ್ ಫೋನಿನಲ್ಲಿ, ಆ ಫೋನ್ ಮನೆಯಲ್ಲಿ. ಅದಕ್ಕೆ ಯುಪಿಐ ಇಲ್ಲ, ಬ್ಯಾಂಕ್ ಆ್ಯಪ್ ಇಲ್ಲ. ಓಟಿಪಿ ಬರುವ ಫೋನಿನಲ್ಲಿ ಎಪಿಕೆ ಹಾಕಲು ಜಾಗವೇ ಇಲ್ಲ. ಸ್ಮಾರ್ಟ್‌ಫೋನಿನಲ್ಲಿರುವ ನಂಬರಿಗೆ ಬೇರೆ ಬ್ಯಾಂಕಿನ ಸಣ್ಣ ಖಾತೆ, ಅದರಲ್ಲಿ ಐದಾರು ಸಾವಿರ. ಫೋನ್‌ಪೇ, ಗೂಗಲ್‌ಪೇ ಎಲ್ಲ ಅದಕ್ಕೇ. ಖಾಲಿಯಾದರೆ ಬ್ಯಾಂಕಿಗೆ ಹೋದಾಗ ತುಂಬಿಸುತ್ತೇನೆ.

ಒಂದೇ ಖಾತೆ ಇಟ್ಟು ಸಿಮ್ ಮಾತ್ರ ಕೀಪ್ಯಾಡಿಗೆ ಹಾಕಿದರೆ ಆಗುವುದಿಲ್ಲವಾ ಅಂತ ಕೇಳುತ್ತಾರೆ. ಆಗುವುದಿಲ್ಲ. ಯುಪಿಐ ನೋಂದಣಿಗೆ ಆ ಸಿಮ್ ಆ ಫೋನಿನಲ್ಲೇ ಇರಬೇಕು, ಅದರಿಂದಲೇ ಮೆಸೇಜ್ ಹೋಗಬೇಕು. ಅದಕ್ಕೇ ಎರಡು ಖಾತೆ ಅಂದದ್ದು. ಇನ್ನು ಕೆಲವು ಬ್ಯಾಂಕಿನವರು ಓಟಿಪಿಯನ್ನು ಇಮೇಲಿಗೂ ಕಳಿಸುತ್ತಾರೆ. ಆ ಇಮೇಲ್ ಸ್ಮಾರ್ಟ್‌ಫೋನಿನಲ್ಲೇ ತೆರೆದುಕೊಂಡಿದ್ದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ, ಶಾಖೆಯಲ್ಲಿ ಕೇಳಿ ತೆಗೆಸಿ. ಕೀಪ್ಯಾಡ್ ಸಿಮ್ಮಿಗೆ ರೀಚಾರ್ಜ್ ಮರೆಯಬೇಡಿ. 90 ದಿನ ಕರೆ, ಮೆಸೇಜ್ ಏನೂ ಬಳಸದೆ ಬಿಟ್ಟರೆ, ಕರೆನ್ಸಿಯೂ ಇಲ್ಲದಿದ್ದರೆ ಕಂಪನಿಯವರು ನಂಬರ್ ನಿಲ್ಲಿಸಬಹುದು, ಆಮೇಲೆ ಅದು ಬೇರೆ ಯಾರಿಗೋ ಹೋಗುತ್ತದೆ, ನಿಮ್ಮ ಬ್ಯಾಂಕಿನ ಓಟಿಪಿ ಅವರಿಗೆ ಹೋಗುತ್ತದೆ. ನಾನು ತಿಂಗಳಿಗೊಮ್ಮೆ ಅದರಿಂದ ಮನೆಗೆ ಒಂದು ಕರೆ ಮಾಡಿಡುತ್ತೇನೆ.

ಫೋನ್ ಯಾವುದು ಅಂದರೆ, ಜಿಯೋ ಸಿಮ್ ಆದರೆ 4ಜಿ ಕೀಪ್ಯಾಡ್ ಬೇಕು, ಹಳೆಯ 2ಜಿ ಸೆಟ್ಟಿನಲ್ಲಿ ಅದು ನಡೆಯುವುದಿಲ್ಲ. ಕೆಲವು ಮಾದರಿಗಳಲ್ಲಿ 2ಜಿಯದ್ದೂ ಇದೆ, 4ಜಿಯದ್ದೂ ಇದೆ. ಡಬ್ಬಿ ನೋಡಿ ತನ್ನಿ, ಅಂಗಡಿಯವರು ಕೊಟ್ಟದ್ದು ತರಬೇಡಿ. ವಾಟ್ಸ್ಆ್ಯಪ್, ಯುಪಿಐ ಎಲ್ಲ ಬರುವ ಕೀಪ್ಯಾಡ್ ಬೇಡವೇ ಬೇಡ, ಏನೂ ಇಲ್ಲದ್ದೇ ಬೇಕು. ಇನ್ನು ಫೋನ್ ಕ್ಲೀನರ್, ಉಚಿತ ಆ್ಯಂಟಿವೈರಸ್ ಅಂತ ಗುಂಪಿನಲ್ಲಿ ಲಿಂಕ್ ಹಾಕುವುದನ್ನು ನಿಲ್ಲಿಸಿ. ಅದರಲ್ಲಿ ಅರ್ಧ ಜಾಹೀರಾತು. ಕೆಟ್ಟ ಆ್ಯಪ್ ಪತ್ತೆ ಮಾಡುವ ಪ್ಲೇಸ್ಟೋರಿನ ಪ್ಲೇ ಪ್ರೊಟೆಕ್ಟ್ ಆನ್ ಇದ್ದರೆ ನನ್ನ ಮಟ್ಟಿಗೆ ಸಾಕು. ಅದನ್ನು ಆಫ್ ಮಾಡಿ ಅಂತ ಯಾರಾದರೂ ಫೋನಿನಲ್ಲಿ ಹೇಳಿದರೆ ಅಲ್ಲೇ ಕರೆ ಕತ್ತರಿಸಿ. ಟ್ರೂಕಾಲರ್‌ನಲ್ಲಿ "ಕೃಷಿ ಇಲಾಖೆ" ಅಂತ ಬಂತು ಅನ್ನುವುದೂ ಆಧಾರವಲ್ಲ, ಆ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು.

ಆ ಆ್ಯಪ್ ತೆಗೆಯುವುದು ಹೇಗೆ ಅಂತ ಕೇಳಬಹುದು. ಐಕಾನ್ ಇಲ್ಲದಿದ್ದರೂ ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಲ್ಲಿ ಇರುತ್ತದೆ, ಕೆಲವು ಸಲ ಬೇರೆ ಹೆಸರಿನಲ್ಲಿ. ಅನ್‌ಇನ್‌ಸ್ಟಾಲ್ ಬಟನ್ ಮಂಕಾಗಿದ್ದರೆ ಅದು ಡಿವೈಸ್ ಅಡ್ಮಿನ್ ಹಕ್ಕು (ಫೋನನ್ನು ನಿಯಂತ್ರಿಸುವ ಹಕ್ಕು) ತೆಗೆದುಕೊಂಡಿದೆ ಅಂತ ಅರ್ಥ, ಮೊದಲು ಅದನ್ನು ತೆಗೆಯಬೇಕು. ಆದರೆ ನನ್ನ ಸಲಹೆ ಪೂರ್ತಿ ರೀಸೆಟ್. ತೋಟದ ಫೋಟೋ ಬೇಕಾದರೆ ಕೇಬಲ್ ಹಾಕಿ ಕಂಪ್ಯೂಟರಿಗೆ ಹಾಕಿಕೊಳ್ಳಿ, ಡೌನ್‌ಲೋಡ್ ಫೋಲ್ಡರ್ ಬಿಟ್ಟುಬಿಡಿ. ಪೊಲೀಸ್ ದೂರು ಕೊಡುವುದಿದ್ದರೆ ಆ ಫೈಲಿನ ಹೆಸರು, ಬಂದ ನಂಬರ್ ಇರುವ ಪರದೆಯ ಫೋಟೋವನ್ನು ಬೇರೆ ಫೋನಿನಲ್ಲಿ ಮೊದಲೇ ತೆಗೆದಿಡಿ, ನಾನು ತೆಗೆಯದೆ ಪೇಚಾಡಿದೆ. ವಾಟ್ಸ್ಆ್ಯಪ್ ಮತ್ತೆ ಹಾಕಿದ ಮೇಲೆ ಲಿಂಕ್ಡ್ ಡಿವೈಸಸ್ ನೋಡಿ ಗೊತ್ತಿಲ್ಲದ್ದನ್ನು ತೆಗೆದು, ಟು ಸ್ಟೆಪ್ ಪಿನ್ ಹಾಕಿ.

ಅಡ್ಮಿನ್‌ಗೆ ಒಂದು ಮಾತು. ಆ ಫೈಲನ್ನೂ ಆಧಾರ್ ಫೋಟೋವನ್ನೂ ಈಗಲೇ ಅಳಿಸಿ, ನಿಮಗೆ ಆಗುತ್ತದೆ. ಗುಂಪಿನಲ್ಲಿ ಒಂಬೈನೂರು ಜನ ಇದ್ದೇವೆ. ಎಲ್ಲರೂ ಪರಸ್ಪರ ಗೊತ್ತಿದ್ದವರಲ್ಲ. "ನಮ್ಮವರೇ ಅಲ್ಲವಾ" ಅಂತ ಪಹಣಿ, ಆಧಾರ್, ಪಾಸ್‌ಬುಕ್ ಹಾಕುವ ಅಭ್ಯಾಸ ಇಲ್ಲಿ ಬೆಳೆದುಬಿಟ್ಟಿದೆ, ಇದು ಬಹಳ ಕೆಟ್ಟದ್ದು. ಆಧಾರ್ ಜೋಡಿಸಿದ ಖಾತೆಯಿಂದ ಹಣ ತೆಗೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಮೂರಿದ್ದರೆ ಸಾಕು, ಓಟಿಪಿ ಬೇಡ. 2023ರಲ್ಲಿ ಮಂಗಳೂರು, ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿಕೊಂಡ ಹಲವರ ಖಾತೆಯಿಂದ ಹೀಗೆಯೇ ಹಣ ಹೋಯಿತು, ದಾಖಲೆಯಲ್ಲಿದ್ದ ಬೆರಳಚ್ಚಿನ ನಕಲು ಮಾಡಿ. ಹಿಸ್ಸೆ, ಕ್ರಯಪತ್ರ ಮಾಡಿಸಿದವರು ಇಲ್ಲಿ ಬಹಳ ಜನ ಇದ್ದೀರಿ. ಆಧಾರ್ ಆ್ಯಪ್‌ನಲ್ಲಿ ಅಥವಾ ಆಧಾರ್ ಪ್ರಾಧಿಕಾರದ (ಯುಐಡಿಎಐ) ವೆಬ್‌ಸೈಟಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಯಾರಿಗಾದರೂ ಪ್ರತಿ ಕೊಡಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಲಾಕ್ ಮಾಡಿದರೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ, ಅಲ್ಲಿಗೆ ಹೋಗುವ ಮೊದಲು ಸ್ವಲ್ಪ ಹೊತ್ತಿಗೆ ತೆಗೆಯಬೇಕು. ನಮ್ಮ ಅಮ್ಮ ಒಂದು ಸಲ ಚೀಲ ಹಿಡಿದುಕೊಂಡು ಹೋಗಿ ಬರಿಗೈಲಿ ಬಂದರು. ವಯಸ್ಸಾದವರದ್ದು ಲಾಕ್ ಮಾಡುವ ಮೊದಲು ಮನೆಯಲ್ಲಿ ಯಾರು ತೆಗೆದುಕೊಡುತ್ತೀರಿ ಅಂತ ನಿಶ್ಚಯ ಮಾಡಿಕೊಳ್ಳಿ.

ಕಿಸಾನ್ ಹಣದ ಇ-ಕೆವೈಸಿಗೆ ಇರುವುದು ಮೂರೇ ದಾರಿ: ಸರ್ಕಾರಿ ಪೋರ್ಟಲ್‌ನಲ್ಲಿ ಓಟಿಪಿ, ಸಾಮಾನ್ಯ ಸೇವಾ ಕೇಂದ್ರದಲ್ಲಿ (ಸಿಎಸ್‌ಸಿ) ಬೆರಳು, ಪ್ಲೇಸ್ಟೋರಿನಿಂದ ಹಾಕಿಕೊಂಡ ಸರ್ಕಾರಿ ಆ್ಯಪ್‌ನಲ್ಲಿ ಮುಖ. ಯಾವುದಕ್ಕೂ ಎಟಿಎಂ ಕಾರ್ಡ್ ಬೇಡ. ಗೊಂದಲ ಇದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ವರ್ಷಕ್ಕೆ ಬರುವ 6,000ಕ್ಕೆ ಎಷ್ಟು ಕಳೆದುಕೊಳ್ಳಬಹುದು ಅಂತ ನನ್ನನ್ನು ನೋಡಿ. ಚಲನ್, ಮದುವೆ ಕಾಗದ, ಕರೆಂಟ್ ಬಿಲ್ ಅಂತಲೂ ಇದೇ ಎಪಿಕೆ ಬರುತ್ತದೆ. ಮದುವೆ ಕಾಗದ ಫೋಟೋ ಅಥವಾ ಪಿಡಿಎಫ್ ಆಗಿ ಬರುತ್ತದೆ, ಆ್ಯಪ್ ಆಗಿ ಬರುವುದಿಲ್ಲ.

ಹೋದ ವಾರ ಇನ್ನೊಬ್ಬರು ಸರ್ಕಾರದ ಕುಸುಮ್ ಯೋಜನೆಯ ಸೋಲಾರ್ ಪಂಪಿಗೆ "ನೋಂದಣಿ ಶುಲ್ಕ" ಕಟ್ಟಲೇ ಅಂತ ಕೇಳಿದ್ದರು. ಕಟ್ಟಬೇಡಿ, ಆ ಹೆಸರಿನ ನಕಲಿ ವೆಬ್‌ಸೈಟ್‌ಗಳ ಬಗ್ಗೆ ಕೇಂದ್ರದ ಇಲಾಖೆಯೇ ಮತ್ತೆ ಮತ್ತೆ ಎಚ್ಚರಿಸಿದೆ. ಫೇಸ್‌ಬುಕ್‌ನಲ್ಲಿ ಅರ್ಧ ಬೆಲೆಗೆ ಕಾರ್ಬನ್ ದೋಟಿ (ಅಡಿಕೆ ಕೊಯ್ಯುವ ಉದ್ದ ಕೋಲು), ವೀಡ್ ಕಟ್ಟರ್ ಅಂತ ಬರುವವರಿಗೆ ಮುಂಗಡವಾಗಿ ಒಂದು ರೂಪಾಯಿ ಕೂಡ ಹಾಕಬೇಡಿ. ಜಿಎಸ್‌ಟಿ ಸಂಖ್ಯೆ ಕೇಳಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ, ಹೆಸರು ಊರು ಸರಿ ಬಂದರೂ ವಸ್ತು ಕಣ್ಣಾರೆ ನೋಡಿಯೇ ಹಣ ಕೊಡಿ. ಇನ್ನು ಹಣ ಬರಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದಿಗೂ ಇಲ್ಲ, ಬಾಳೆಗೊನೆ ಮಾರುವಾಗಲೂ ಇಲ್ಲ. ಎಟಿಎಂ ಕಾರ್ಡನ್ನು ಮೆಷಿನ್ನಿಗೆ ಮಾತ್ರ ಬಳಸುವವರು ಆನ್‌ಲೈನ್ ವ್ಯವಹಾರ ಆಫ್ ಮಾಡಿಸಿ, ಶಾಖೆಯಲ್ಲಿ ಹೇಳಿದರೆ ಮಾಡಿಕೊಡುತ್ತಾರೆ. ನನ್ನದು ಆಫ್ ಇದ್ದಿದ್ದರೆ ಅವರ ಕೈಗೆ ಸಿಕ್ಕ ಕಾರ್ಡ್ ಸಂಖ್ಯೆಯಿಂದ ಆಗುವ ಕೆಲಸ ಕಡಿಮೆ ಇರುತ್ತಿತ್ತು.

ಅಣ್ಣ, ನಿಮಗೆ ಕೀಪ್ಯಾಡ್ ಫೋನ್ ಇಲ್ಲದಿದ್ದರೆ ನನ್ನ ಹತ್ತಿರ ಒಂದು ಹೆಚ್ಚುವರಿ ಇದೆ, 4ಜಿಯದ್ದೇ. ಚಾರ್ಜ್ ಹಾಕಿ ಸಂಜೆ ಹಾಲು ಕೊಡಲು ಹೋಗುವಾಗ ಡೇರಿಯಲ್ಲಿ ಬಿಟ್ಟಿರುತ್ತೇನೆ. ಅಲ್ಲಿಯವರೆಗೆ ಸಿಮ್ ಫೋನಿನಿಂದ ಹೊರಗೇ ಇರಲಿ, ಬ್ಯಾಂಕಿಗೆ ಮನೆಯವರ ಫೋನಿನಿಂದ ಈಗಲೇ ಮಾಡಿ.