ನೆರೆಮನೆಯ ಉಕ್ರೇನ್ ಕುಟುಂಬ

ಪ್ರಶ್ನೆ: ಜರ್ಮನಿಯಲ್ಲಿರುವ ನನ್ನ ಮಗಳ ಪಕ್ಕದ ಮನೆಗೆ ಉಕ್ರೇನಿನಿಂದ ತಾಯಿ, ಮಗು ಬಂದಿದ್ದಾರೆ. ಅವರು ಅಲ್ಲಿನವರೊಡನೆ ಬೆರೆಯಲು ಅವಳು ಹೇಗೆ ನೆರವಾಗಬಹುದು?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಐರೋಪ್ಯ ಒಕ್ಕೂಟವು 2022ರ ಮಾರ್ಚ್ 4ರಂದು ಜಾರಿಗೆ ತಂದ ತಾತ್ಕಾಲಿಕ ರಕ್ಷಣೆಯಿಂದಾಗಿ ಅವರಿಗೆ ವಾಸ, ಉದ್ಯೋಗ, ಶಾಲೆ, ಚಿಕಿತ್ಸೆಯ ಹಕ್ಕುಗಳು ದೊರೆತಿವೆಯಾದರೂ, ಅವು ಕೈಗೆಟುಕಲು ಭಾಷೆ ಬೇಕು. ವಲಸಿಗರಿಗಾಗಿ ಜರ್ಮನಿ ನಡೆಸುವ ಸಾಮಾನ್ಯ ತರಗತಿಯಲ್ಲಿ ಭಾಷೆಗೇ 600 ಪಾಠಗಳಿವೆ. ಮಗುವನ್ನು ನೋಡಿಕೊಳ್ಳುವವರಿಲ್ಲದಿದ್ದರೆ ತಾಯಿ ಅಲ್ಲಿಗೆ ಹೋಗುವುದಾದರೂ ಹೇಗೆ? ನಿಮ್ಮ ಮಗಳು ಆ ಹೊತ್ತಿಗೆ ಮಗುವನ್ನು ತನ್ನ ಮನೆಯಲ್ಲಿ ಕೂರಿಸಿಕೊಂಡು, ಶಾಲೆಯಿಂದ ಬಂದ ಚೀಟಿಗಳನ್ನು ತಾಯಿಗೆ ಓದಿ ವಿವರಿಸಿದರೆ, ನನ್ನ ದೃಷ್ಟಿಯಲ್ಲಿ ಅದೇ ದೊಡ್ಡ ನೆರವು. ಕುಶಾಲನಗರದ ಆಚೆಗಿನ ಬೈಲಕುಪ್ಪೆಯ ಟಿಬೆಟಿಯನ್ನರು ಅಂಗಡಿಗಳಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುವುದನ್ನು ನೀವೂ ಕಂಡಿರಬಹುದು. ಅಂಥ ಸಲಿಗೆ ದಿನನಿತ್ಯದ ಮಾತಿನಿಂದಲೇ ಬೆಳೆಯುತ್ತದೆ. ಯುದ್ಧದ ವಿಷಯವನ್ನು ಮಾತ್ರ ಅವರಾಗಿಯೇ ಎತ್ತುವವರೆಗೆ ಕೇಳದಿರಲಿ.